ಲೈನ್ ಕ್ಲಿಯರ್

ಹೋಳಿಹುಣ್ಣಿಮೆಯ ಬೆಳಿಗ್ಗೆ ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗಾಗಿ ಪಾಳಿ ಹಚ್ಚಿ ನಿಂತಿದ್ದೆ. ಮನೆಯಿಂದ ಫೋನ್ ಬಂತು.

"ಎಲ್ಲಿದ್ದೀರಿ?"

"ಲೈನಿನಲ್ಲಿದ್ದೇನೆ."

"ಅದು ಗೊತ್ತು, ಮಾತನಾಡುತ್ತಿದ್ದೀರಲ್ಲ. ಊರೊಳಗೆ ಎಲ್ಲಿದ್ದೀರಿ?"

"ಲೈನ್ ಬಜಾರಿನಲ್ಲಿ."

"ಇಲ್ಲಿ ಲೈನ್ ಹೋಗಿದೆ."

"ನನ್ನದು ಹೋಗಿಲ್ಲ. ಮುಂದೆ ಇನ್ನು ಹತ್ತೇ ಜನ."

"ಅಯ್ಯ, ಕಂಬದ ಮೇಲಿನ ಲೈನ್! ಹೂರಣ ಅರ್ಧ ಮಿಕ್ಸಿಯಲ್ಲಿದೆ. ಲೈನ್‌ಮನ್‌ಗೆ ಹೇಳಿ."

ಗದ್ದಲದಲ್ಲಿ ಏನೂ ಕೇಳಿಸದೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ದೂರಿನ ನಂಬರಿಗೆ ಫೋನ್ ಹಚ್ಚಿದೆ. ಲೈನ್ ಬ್ಯುಸಿ. ನಾಲ್ಕನೆಯ ಸಲಕ್ಕೆ ಸಿಕ್ಕ ದನಿ "ಲೈನಿನಲ್ಲೇ ಇರಿ" ಎಂದಿತು. ಇದ್ದೆ. ದೂರು ಬರೆಸಿ ತಿರುಗಿ ನೋಡಿದರೆ ನನ್ನ ಜಾಗದಲ್ಲಿ ಕೈಚೀಲ ಹಿಡಿದ ಹಿರಿಯರೊಬ್ಬರು ನಿಂತಿದ್ದರು. "ನಾನು ಇಲ್ಲಿಯೇ ಇದ್ದೆ" ಎಂದೆ. "ಇದ್ದಿರಿ, ಲೈನಿನಲ್ಲಿ ಇರಲಿಲ್ಲ" ಎಂದರು. ನಾನು ಲೈನಿನಲ್ಲಿಯೇ ಇದ್ದೆ ಎಂಬುದನ್ನು ಅವರಿಗೆ ಹೇಗೆ ಹೇಳುವುದು?

ಗೆರೆ, ಸಾಲು, ಪಾಳಿ, ತಂತಿ, ಹಳಿ, ದಂಧೆ ಎಂದು ಬೇರೆ ಬೇರೆ ಶಬ್ದಗಳನ್ನು ಇಟ್ಟುಕೊಂಡೂ ನಾವು ಎಲ್ಲವನ್ನೂ ಈ ಒಂದೇ ಶಬ್ದದ ಕೊರಳಿಗೆ ಕಟ್ಟಿದ್ದೇವೆ. ಹುಬ್ಬಳ್ಳಿಯ ವ್ಯಾಪಾರಿ "ನೀವು ಯಾವ ಲೈನಿನಲ್ಲಿದ್ದೀರಿ?" ಎಂದರೆ ಹೊಟ್ಟೆಪಾಡಿನ ವಿಚಾರ. ನಮ್ಮ ಮಾಸ್ತರರು "ಲೈನ್ ಹೊಡೆದುಕೊಂಡು ಬಾ" ಎಂದರೆ ಅಡಿಪಟ್ಟಿ ಹಿಡಿದು ನೋಟ್‌ಬುಕ್ಕಿಗೆ ಅಂಚು ಎಳೆಯಬೇಕಿತ್ತು. ಅದೇ ಹುಡುಗ ದೊಡ್ಡವನಾಗಿ ಕಾಲೇಜಿನ ಗೇಟಿನ ಮುಂದೆ ಲೈನ್ ಹೊಡೆಯುತ್ತಾನೆಂದು ಸುದ್ದಿ ಬಂದರೆ, ಅವನು ಲೈನ್ ಬಿಟ್ಟಿದ್ದಾನೆ, ಬೇಗ ಲೈನಿಗೆ ಹಚ್ಚಬೇಕು ಎಂದು ಮನೆಯವರು ಗಾಬರಿಯಾಗುತ್ತಾರೆ.

ಪೇಡೆಯ ಪೊಟ್ಟಣದೊಂದಿಗೆ ಮಾಳಮಡ್ಡಿಯ ಮನೆ ಸೇರುವ ಹೊತ್ತಿಗೆ ನಿಜವಾದ ಅನಾಹುತ ಆಗಿಹೋಗಿತ್ತು. ಅದರ ರೂವಾರಿ ನಮ್ಮ ಕಾಕಾ. ಅಳ್ನಾವರ, ಕಂಬಾರಗಣವಿ ಕಡೆ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ, 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮನ್ನು ತಾವೇ ನಿಂತು ಅಳೆಸಿದವರಂತೆ ಮಾತನಾಡುತ್ತಾರೆ. ಅವರು ಕಟ್ಟೆಯ ಮೇಲೆ ಕುಳಿತಿದ್ದಾಗ ಲೈನ್‌ಮನ್ ಏಣಿ ಹೊತ್ತು ಬಂದಿದ್ದಾನೆ. "ಏನಾಯಿತು ತಮ್ಮಾ?" ಎಂದು ಇವರು ಕೇಳಿದ್ದಾರೆ. "ಲೈನ್ ಕ್ಲಿಯರ್ ತೆಗೆದುಕೊಂಡಿದ್ದೇನೆ, ಯಜಮಾನರೇ" ಎಂದು ಅವನು ಕಂಬ ಹತ್ತಿದ್ದಾನೆ.

ಕಾಕಾ ಜೀವಮಾನವಿಡೀ ಕೊಟ್ಟು ತೆಗೆದುಕೊಂಡದ್ದು ಅದನ್ನೇ. ಮುಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್ ಕೇಳಬೇಕು. ನಡುವಿನ ಹಳಿ ಖಾಲಿಯಿದ್ದರೆ ಅವರು ಕೊಡುತ್ತಾರೆ. ಒಂಟಿ ಹಳಿಯ ಕಾಲದಲ್ಲಿ ಅದರ ಗುರುತಾಗಿ ಯಂತ್ರದಿಂದ ಲೋಹದ ಗುಂಡೊಂದು ಹೊರಗೆ ಬರುತ್ತಿತ್ತು. ಅದನ್ನು ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಟ್ಟರೆ ಗಾಡಿ ಹೊರಡಬಹುದು. ಅಂದರೆ ಲೈನ್ ಕ್ಲಿಯರ್ ಸಿಕ್ಕಿತೆಂದರೆ ಬರುವುದು ಬರುತ್ತದೆ. ಕರೆಂಟಿನವರ ಲೈನ್ ಕ್ಲಿಯರ್ ತದ್ವಿರುದ್ಧ. ಕಂಬದ ಮೇಲೆ ಮನುಷ್ಯನಿದ್ದಾನೆ, ಅವನು ಇಳಿದು ಅದನ್ನು ಹಿಂದಿರುಗಿಸುವ ತನಕ ಏನೂ ಬರಕೂಡದು ಎಂದು ಮೇಲಿನವರಿಂದ ಪಡೆಯುವ ಭರವಸೆ ಅದು.

ಕಾಕಾ ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಸಾರಿದರಂತೆ: "ಲೈನ್ ಕ್ಲಿಯರ್ ಸಿಕ್ಕಿದೆ! ಹತ್ತು ನಿಮಿಷದಲ್ಲಿ ಬರುತ್ತದೆ!"

ನಿವೃತ್ತ ಸ್ಟೇಷನ್ ಮಾಸ್ತರರ ಮಾತನ್ನು ಮಾಳಮಡ್ಡಿಯಲ್ಲಿ ಯಾರು ನಂಬುವುದಿಲ್ಲ? ಒರಳು ತೊಳೆಯಲು ಹೊರಟಿದ್ದ ನನ್ನ ಹೆಂಡತಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕುಳಿತಳು. ಪಕ್ಕದ ಮನೆಯ ವೈನಿ ತಮ್ಮ ಬೆಂದ ಬೇಳೆಯನ್ನೂ ಮಿಕ್ಸಿಗೆ ಸುರಿದರು. ಎದುರುಮನೆಯವರಂತೂ ಬಣ್ಣವಾಡಿ ಬಂದವರು, ಇನ್ನೇನು ಪಂಪು ಚಾಲೂ ಆಗುತ್ತದೆಂದು ಇದ್ದ ಅರ್ಧ ಬಕೆಟ್ ನೀರಿನಲ್ಲಿ ತಲೆ ನೆನೆಸಿ ಸೋಪು ಹಚ್ಚಿಕೊಂಡೇಬಿಟ್ಟರು.

ನಾನು ಬಂದಾಗ ಅವರು ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದರು. ಒಂದು ಕಿವಿಯಿಂದ ಗುಲಾಬಿ ನೊರೆ, ಇನ್ನೊಂದರಿಂದ ಹಸಿರು ನೊರೆ ಇಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ "ಬಂತೇನ್ರೀ?" ಎಂದು ಕೇಳುತ್ತಿದ್ದರು. ಕಾಕಾ ಕೈಗಡಿಯಾರ ನೋಡಿ, "ನವಲೂರು ದಾಟಿರಬೇಕು" ಎಂದು ಧೈರ್ಯ ಹೇಳುತ್ತಿದ್ದರು.

ಕರೆಂಟು ಬಂದದ್ದು ಎರಡು ತಾಸಿನ ಮೇಲೆ. ಅಷ್ಟರಲ್ಲಿ ಎದುರುಮನೆಯವರನ್ನು ನಮ್ಮ ಎರಡು ಕೊಡ ಕುಡಿಯುವ ನೀರಿನಿಂದ ತೊಳೆದಾಗಿತ್ತು. ಹೂರಣ ಮಿಕ್ಸಿಯ ಬ್ಲೇಡಿಗೆ ಅಂಟಿ, ಕೆಳಗೆ ಬಿಲ್ಲೆಯಂತೆ, ಮೇಲೆ ಇಡಿಕಾಳಿನಂತೆ ಗಟ್ಟಿಯಾಗಿತ್ತು. ಅದನ್ನು ಚಮಚದಿಂದ ಕೆತ್ತುವ ಕೆಲಸ ನನ್ನ ಪಾಲಿಗೆ ಬಂತು. ಲೈನ್‌ಮನ್ ಕೈ ತೊಳೆದು ಎರಡು ಪೇಡೆ ತಿಂದು ಹೋದ. ಅವನದೇನೂ ತಪ್ಪಿರಲಿಲ್ಲ. ಕಾಕಾ ಮಾತ್ರ "ಲೈನ್ ಕ್ಲಿಯರ್ ಎಂದರೇನೆಂದು ನನಗೆ ಕಲಿಸಬೇಡಿ" ಎಂದು ಮುಖ ತಿರುಗಿಸಿ ಕುಳಿತರು.

ಹೋಳಿಗೆ ರಾತ್ರಿಗೆ ಹೋಯಿತು. ಮಧ್ಯಾಹ್ನದ ಊಟಕ್ಕೆ ನಿನ್ನೆಯ ಕಟಿರೊಟ್ಟಿ, ಮೊಸರು, ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. ಕಾಕಾನ ಮುನಿಸು ಮುರಿಯಲೆಂದು ನಾನು ನಿಘಂಟಿನ ವಿದ್ಯೆ ಬಿಚ್ಚಿದೆ. ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡಕ್ಕೆ ಲೀನುಮ್ ಎನ್ನುತ್ತಾರೆ, ಅದರ ನಾರಿನ ದಾರಕ್ಕೆ ಲೀನಿಯ. ನಮ್ಮ ಗೌಂಡಿ ಗೋಡೆ ನೇರ ಬರಲೆಂದು ದಾರ ಎಳೆದು ಕಟ್ಟುವುದಿಲ್ಲವೇ, ಹಾಗೆ ಎಳೆದ ಅಗಸೆಯ ದಾರವೇ ಇಂಗ್ಲಿಷಿನಲ್ಲಿ ಲೈನ್ ಆಯಿತು. ಲಿನನ್ ಬಟ್ಟೆಯೂ ಅದೇ ಬಳಗ. ನಿಮ್ಮ ರೈಲಿನ ಲೈನು, ಅವನ ಕಂಬದ ಲೈನು, ನನ್ನ ಪೇಡೆಯ ಲೈನು, ಎಲ್ಲ ಹುಟ್ಟಿದ್ದು ಈ ಅಗಸೆಯಿಂದಲೇ ಎಂದೆ.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ಹಿಂಡಿಯನ್ನು ನೋಡಿದರು. ಆಮೇಲೆ ತಟ್ಟೆಯನ್ನು ನನ್ನ ಹೆಂಡತಿಯ ಕಡೆಗೆ ಸರಿಸಿದರು.

"ಹಾಗಿದ್ದರೆ ಇನ್ನೊಂದು ಚಮಚ ಲೈನ್ ಹಾಕವ್ವಾ. ಮೇಲೆ ಸ್ವಲ್ಪ ಎಣ್ಣೆ."