ಡಬ್ಬಿಯ ಮೇಲೆ 6000, ಪರದೆಯ ಮೇಲೆ 4800

ಹೊಸ ಡೆಸ್ಕ್‌ಟಾಪ್ ಮನೆಗೆ ಬಂದ ಮೊದಲ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಾರೆ. ಎರಡನೆಯ ದಿನ ಮನೆಯಲ್ಲಿ ಯಾರೋ ಒಬ್ಬರು ಟಾಸ್ಕ್ ಮ್ಯಾನೇಜರ್ ತೆರೆಯುತ್ತಾರೆ. ನೆಮ್ಮದಿ ಅಲ್ಲಿಗೆ ಮುಗಿಯಿತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, 'ಪರ್ಫಾರ್ಮೆನ್ಸ್'ನಲ್ಲಿ 'ಮೆಮೊರಿ'ಗೆ ಹೋದರೆ ಕೆಳಗಡೆ 'ಸ್ಪೀಡ್' ಅಂತ ಒಂದು ಸಾಲು ಸಿಗುತ್ತದೆ. ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಸೆಕೆಂಡಿಗೆ ಎಷ್ಟು ಹತ್ತು ಲಕ್ಷ ಸಲ ಮಾಹಿತಿ ಸಾಗಿಸುತ್ತದೆ ಎಂಬ ಲೆಕ್ಕ ಅದು. ರ‍್ಯಾಮಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 6000 ಇದ್ದರೆ, ಈ ಸಾಲಿನಲ್ಲಿ ಸಣ್ಣಕ್ಷರದಲ್ಲಿ 4800. ಐದು ನಿಮಿಷದಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಫೋನ್ ಹೋಗುತ್ತದೆ.

"ಏನಣ್ಣಾ, ಆರು ಸಾವಿರದ ರ‍್ಯಾಮಿಗೆ ದುಡ್ಡು ಇಸ್ಕೊಂಡು ನಾಲ್ಕು ಸಾವಿರದ ಎಂಟ್ನೂರರದ್ದು ಹಾಕಿದೀರಲ್ಲ?"

"ಸಾರ್, ಬಯೋಸಲ್ಲಿ ಎಕ್ಸ್‌ಎಂಪಿ ಆನ್ ಮಾಡಿದೀರಾ ಸಾರ್?"

"ಅದಕ್ಕೆ ಬೇರೆ ದುಡ್ಡಾ?"

ದುಡ್ಡು ಬೇರೆ ಇಲ್ಲ. ಅಂಗಡಿಯವನು ಮೋಸವನ್ನೂ ಮಾಡಿಲ್ಲ. ರ‍್ಯಾಮಿನ ಸ್ವಭಾವವೇ ಮದುವೆ ಊಟಕ್ಕೆ ಬಂದ ಸಂಕೋಚದ ನೆಂಟರದ್ದು. ಎಂಟು ಹೋಳಿಗೆ ತಿನ್ನುವ ಶಕ್ತಿ ಇರುತ್ತದೆ, ಎರಡಕ್ಕೇ ಎಲೆಯ ಮೇಲೆ ಕೈ ಅಡ್ಡ ಇಟ್ಟು "ಸಾಕು, ಸಾಕು" ಅನ್ನುತ್ತಾರೆ. ಉಪಚಾರ ಮಾಡಿ ಬಡಿಸಬೇಕು. ರ‍್ಯಾಮಿನ ಪ್ರತಿ ಪಟ್ಟಿಯಲ್ಲೂ, ಅಂದರೆ ಸ್ಟಿಕ್ಕಿನಲ್ಲೂ, ಎಸ್‌ಪಿಡಿ ಎಂಬ ಚಿಕ್ಕ ಚಿಪ್ಪೊಂದಿದೆ, ಅದರಲ್ಲಿ ಸ್ಟಿಕ್ಕಿನ ಜಾತಕ ಬರೆದಿರುತ್ತದೆ. ಮೊದಲ ಪುಟದಲ್ಲಿ ಜೆಡೆಕ್ ಎಂಬ ಸಂಸ್ಥೆ ನಿಗದಿ ಮಾಡಿದ ಸಾಧು ವೇಗ: ಹೊಸ ತಲೆಮಾರಿನ ಡಿಡಿಆರ್5 ಆದರೆ ಸಾಮಾನ್ಯವಾಗಿ 4800, ಹಿಂದಿನ ತಲೆಮಾರಿನ ಡಿಡಿಆರ್4 ಆದರೆ 2133, 2400 ಅಥವಾ 2666. ಡಬ್ಬಿಯ ಮೇಲೆ ಕೂಗಿ ಹೇಳಿದ ವೇಗ ಹಿಂದಿನ ಪುಟದಲ್ಲಿದೆ. ಆ ಪುಟವನ್ನು ತಿರುವುವಂತೆ ಹೇಳುವವರೆಗೂ ಮದರ್‌ಬೋರ್ಡ್ ಅದರ ಗೋಜಿಗೆ ಹೋಗುವುದಿಲ್ಲ.

ಹೇಳುವುದು ಹೀಗೆ. ಕಂಪ್ಯೂಟರ್ ರೀಸ್ಟಾರ್ಟ್ ಆಗುವಾಗ ಡಿಲೀಟ್ ಕೀಯನ್ನು ಟಕಟಕ ಒತ್ತುತ್ತಾ ಇರಿ, ಕೆಲವು ಬೋರ್ಡುಗಳಲ್ಲಿ ಎಫ್2. ಬಯೋಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ ಪುಟ, ತೆರೆದುಕೊಂಡ ಮೇಲೆ ಪ್ರೊಸೆಸರ್ ಇಂಟೆಲ್ ಆದರೆ ಎಕ್ಸ್‌ಎಂಪಿ, ಹೊಸ ಎಎಂಡಿ ಆದರೆ ಎಕ್ಸ್‌ಪೋ ಎಂಬ ಹೆಸರು ಹುಡುಕಿ. ಸ್ವಲ್ಪ ಹಳೆಯ ಎಎಂಡಿ ಬೋರ್ಡುಗಳಲ್ಲಿ ಇದೇ ದೇವರು ಡಿಓಸಿಪಿ ಅಂತಲೋ ಎ-ಎಕ್ಸ್‌ಎಂಪಿ ಅಂತಲೋ ಬೇರೆ ನಾಮಧೇಯದಲ್ಲಿ ನೆಲೆಸಿರುತ್ತಾನೆ. 'ಪ್ರೊಫೈಲ್ 1' ಆರಿಸಿ, ಎಫ್10 ಒತ್ತಿ, ಉಳಿಸಿ ಹೊರಬನ್ನಿ. ವೇಗ, ಟೈಮಿಂಗ್, ವೋಲ್ಟೇಜ್ ಮೂರನ್ನೂ ಅದೇ ಹಾಕಿಕೊಳ್ಳುತ್ತದೆ. 1.1 ವೋಲ್ಟಿನಲ್ಲಿದ್ದ ಡಿಡಿಆರ್5 ಸ್ಟಿಕ್ 1.35ರ ಆಸುಪಾಸಿಗೆ ಏರಿದರೆ ಗಾಬರಿ ಬೇಡ, ಅದೂ ಜಾತಕದಲ್ಲಿ ಬರೆದದ್ದೇ.

ಗಾಬರಿ ಪಡುವ ಘಳಿಗೆ ಇದರ ಮುಂದಿನದು. ರೀಸ್ಟಾರ್ಟ್ ಆಯಿತು, ಪರದೆ ಕಪ್ಪು. ಫ್ಯಾನ್ ತಿರುಗುತ್ತಿದೆ. ಬೋರ್ಡಿನ ಮೂಲೆಯಲ್ಲಿ 'ಡಿರ‍್ಯಾಮ್' ಎಂದು ಬರೆದ ಪಕ್ಕದಲ್ಲಿ ಕೇಸರಿ ದೀಪವೊಂದು ಉರಿಯುತ್ತಿದೆ. ಒಂದು ನಿಮಿಷ ಕಳೆಯಿತು, ಎರಡು ನಿಮಿಷ ಕಳೆಯಿತು. ಮನೆಯವರೆಲ್ಲ ಸುತ್ತ ನೆರೆದರು. "ಸುಮ್ನೆ ಇದ್ದಿದ್ದನ್ನ ಕೆದಕಿ ಹಾಳು ಮಾಡ್ದೆ" ಎಂಬ ಷರಾ ಬಂತು. ಮೂರನೆಯ ನಿಮಿಷಕ್ಕೆ ಯಾರದೋ ಬೆರಳು ಪವರ್ ಬಟನ್ನಿನ ಮೇಲೆ.

ತೊಂದರೆ ಶುರುವಾಗುವುದು ಆ ಬೆರಳಿನಿಂದ. ಕಪ್ಪು ಪರದೆಯ ಹಿಂದೆ ನಡೆಯುತ್ತಿದ್ದದ್ದು ಮೆಮೊರಿ ಟ್ರೈನಿಂಗ್. ಹೊಸ ವೇಗದಲ್ಲಿ ಯಾವ ತಂತಿಯ ಸಂಕೇತ ಎಷ್ಟು ತಡವಾಗಿ ಬರುತ್ತದೆ, ಯಾವ ಕ್ಷಣದಲ್ಲಿ ಓದಿದರೆ ತಪ್ಪಿಲ್ಲದೆ ಸಿಗುತ್ತದೆ ಎಂದು ಬೋರ್ಡು ಒಂದೊಂದನ್ನೇ ಅಳೆದು ಬರೆದುಕೊಳ್ಳುತ್ತಿರುತ್ತದೆ. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷ ಬೇಕು, ರ‍್ಯಾಮ್ ಹೆಚ್ಚಿದಷ್ಟೂ ಹೆಚ್ಚು ಹೊತ್ತು. ನಡುವೆ ಆಫ್ ಮಾಡಿದರೆ ಪಾಠ ಮತ್ತೆ 'ಅ ಆ ಇ ಈ'ಯಿಂದ. ಇಂಥದ್ದು ಎರಡು ಮೂರು ಸಲ ಆದರೆ ಬೋರ್ಡು "ಈ ವೇಗ ನಮಗೆ ಆಗಿಬರಲ್ಲ" ಎಂದು ತೀರ್ಮಾನಿಸಿ ತಾನೇ 4800ಕ್ಕೆ ವಾಪಸಾಗುತ್ತದೆ. ಎಕ್ಸ್‌ಪೋ ಆನ್ ಮಾಡಿದರೂ ಉಳಿಯುತ್ತಿಲ್ಲ ಎನ್ನುವ ದೂರುಗಳಲ್ಲಿ ಎಷ್ಟೋ ಈ ಬೆರಳಿನವೇ. ಹದಿನೈದು ನಿಮಿಷ ಅದನ್ನು ಅದರ ಪಾಡಿಗೆ ಬಿಟ್ಟು ಕಾಫಿ ಕುಡಿದು ಬನ್ನಿ. ಆ ಹದಿನೈದು ನಿಮಿಷದಲ್ಲೇ ಕರೆಂಟ್ ಹೋಗುವ ಸಂಪ್ರದಾಯ ನಮ್ಮಲ್ಲಿ ಇರುವುದರಿಂದ ಯುಪಿಎಸ್ ಇದ್ದರೆ ಒಳ್ಳೆಯದು.

ದಿನಾ ಆನ್ ಮಾಡಿದಾಗಲೂ ಇಷ್ಟೇ ಕಾಯಿಸಿದರೆ ಎಎಂಡಿ ಬಯೋಸಿನಲ್ಲಿ 'ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್' ಆನ್ ಮಾಡಬಹುದು. ಹಿಂದಿನ ಸಲದ ಪಾಠವನ್ನೇ ನೆನಪಿಟ್ಟುಕೊಂಡು ಬೇಗ ಏಳುತ್ತದೆ. ಅದನ್ನು ಹಾಕಿದ ಮೇಲೆ ವಿಂಡೋಸ್ ನೀಲಿ ಪರದೆ ತೋರಿಸತೊಡಗಿದರೆ ಮಾತ್ರ ತೆಗೆದುಬಿಡಿ. ಅರ್ಧ ನಿಮಿಷ ಉಳಿಸಲು ಹೋಗಿ ಅರ್ಧ ದಿನದ ಕೆಲಸ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ಇನ್ನು ಪಂಕ್ತಿಯ ವಿಚಾರ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ, ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎ1, ಎ2, ಬಿ1, ಬಿ2. ಎರಡೇ ಸ್ಟಿಕ್ ಇದ್ದರೆ ಅವು ಕೂರಬೇಕಾದ್ದು ಎರಡನೆಯ ಮತ್ತು ನಾಲ್ಕನೆಯ ಎಲೆಗೆ, ಅಂದರೆ ಎ2, ಬಿ2. ಮೊದಲು ಬಂದವರಿಗೆ ಮೊದಲ ಎಲೆ ಎಂಬ ನ್ಯಾಯ ಇಲ್ಲಿ ನಡೆಯುವುದಿಲ್ಲ. ಹೆಚ್ಚಿನ ಬೋರ್ಡುಗಳಲ್ಲಿ ತಂತಿ ಪ್ರೊಸೆಸರಿನಿಂದ ಹೊರಟು ಎ1 ದಾಟಿ ಎ2ರಲ್ಲಿ ಕೊನೆಯಾಗುತ್ತದೆ. ಸ್ಟಿಕ್ ಎ1ರಲ್ಲಿ ಕೂತರೆ ಅದರಾಚೆ ಖಾಲಿ ತಂತಿ ಬಾಲದಂತೆ ಉಳಿಯುತ್ತದೆ. ಸಂಕೇತ ಆ ತುದಿಗೆ ಹೋಗಿ ಬಡಿದು, ಖಾಲಿ ಛತ್ರದಲ್ಲಿ ಕೂಗಿದ ಹಾಗೆ ಪ್ರತಿಧ್ವನಿಯಾಗಿ ಹಿಂತಿರುಗುತ್ತದೆ. ನಿಧಾನ ಮಾತಿಗೆ ಪ್ರತಿಧ್ವನಿ ಅಡ್ಡಿಯಲ್ಲ, 2133ರಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. 6000ದಲ್ಲಿ ಮಾತಿಗೆ ಮಾತು ತಾಗಿ ಯಂತ್ರ ಬೂಟ್ ಆಗದೆಯೂ ಹೋಗಬಹುದು.

ಇದಕ್ಕಿಂತ ಕಿಲಾಡಿ ತಪ್ಪು ಎರಡನ್ನೂ ಎ1, ಎ2ರಲ್ಲಿ ಅಕ್ಕಪಕ್ಕ ಕೂರಿಸುವುದು. ನೋಡಲು ಜೋಡೆತ್ತಿನಂತೆ ಚೆನ್ನಾಗಿರುತ್ತದೆ. ಆದರೆ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಪ್ರೊಸೆಸರಿಗೆ ಮಾಹಿತಿ ಸಾಗುವ ಒಂದೇ ದಾರಿಗೆ ಸೇರಿದವು, ಎರಡು ಎಲೆಗೆ ಒಂದೇ ಸೌಟು. 6000 ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸಬಲ್ಲದು, ಎರಡು ಚಾನೆಲ್ ಸೇರಿದರೆ 96. ಕೂತ ಜಾಗ ತಪ್ಪಿದ್ದಕ್ಕೆ ಅರ್ಧ ಹೋಯಿತು. ಇಷ್ಟಾದರೂ ಟಾಸ್ಕ್ ಮ್ಯಾನೇಜರ್ ಏನೂ ಆಗದವರ ಹಾಗೆ 6000 ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಅದು ಹೇಳುವುದು ಸೌಟಿನ ವೇಗ, ಸೌಟುಗಳ ಲೆಕ್ಕವಲ್ಲ. ಲೆಕ್ಕ ಬೇಕಿದ್ದರೆ ಸಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶದ 'ಮೆಮೊರಿ' ಪುಟ ನೋಡಿ. ಡಿಡಿಆರ್5ರಲ್ಲಿ 'ಚಾನೆಲ್ಸ್' ಎದುರು 4 × 32 ಬಿಟ್ ಇದ್ದರೆ ಎರಡೂ ಚಾನೆಲ್ ದುಡಿಯುತ್ತಿವೆ, 2 × 32 ಇದ್ದರೆ ಒಂದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನ ಗ್ರಾಫಿಕ್ಸಿನಲ್ಲೇ ಆಟ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಜಾಗ ಸರಿಯಿದ್ದೂ ಒಂದು ಸ್ಟಿಕ್ ಕಾಣುತ್ತಿಲ್ಲವೆಂದರೆ ಪೂರ್ತಿ ಕೂತಿಲ್ಲ ಎಂದೇ ಮೊದಲು ಅನುಮಾನಿಸಿ. ಈಗಿನ ಹಲವು ಬೋರ್ಡುಗಳಲ್ಲಿ ಸ್ಲಾಟಿನ ಒಂದೇ ತುದಿಗೆ ಕ್ಲಿಪ್ ಇರುತ್ತದೆ. ಆ ಕಡೆ 'ಟಕ್' ಎಂದ ಕೂಡಲೇ ಜನ ಕೈ ಬಿಡುತ್ತಾರೆ, ಇನ್ನೊಂದು ತುದಿ ಒಂದು ಕೂದಲೆಳೆ ಮೇಲೆದ್ದೇ ಇರುತ್ತದೆ. ಪವರ್ ಕೇಬಲ್ ತೆಗೆದು, ಸ್ಟಿಕ್ಕಿನ ಕೆಳಗಿನ ಕಚ್ಚು ಸ್ಲಾಟಿನ ಗೆಣ್ಣಿಗೆ ಹೊಂದಿದೆಯೇ ನೋಡಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮವಾಗಿ ಒತ್ತಿ. ಸ್ಟಿಕ್ಕಿನ ತಲೆಯ ಮೇಲೆ ಕಾಮನಬಿಲ್ಲು ಹರಿದಾಡುತ್ತಿದೆ ಎಂಬುದು ಅದು ಸರಿಯಾಗಿ ಕೂತದ್ದಕ್ಕೆ ಪುರಾವೆಯಲ್ಲ, ದೀಪಕ್ಕೆ ಒಂದಿಷ್ಟು ಕರೆಂಟ್ ಸಿಕ್ಕರೆ ಸಾಕು. ಕೂಲರನ್ನು ಒಂದೇ ಕಡೆ ಬಿಗಿ ಮಾಡಿದರೂ ಪ್ರೊಸೆಸರ್ ವಾಲಿ ಒಂದು ಚಾನೆಲ್ ಮಾಯವಾಗುವುದುಂಟು. ನಾಲ್ಕು ಸ್ಕ್ರೂಗಳನ್ನು ಕಾರಿನ ಚಕ್ರದ ನಟ್ಟಿನಂತೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು.

ಈ ಹಂತದಲ್ಲಿ ಮನೆಯ ಹಿರಿಯರೊಬ್ಬರು ಮಕ್ಕಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ಹಿಡಿದು ಬಂದೇ ಬರುತ್ತಾರೆ. ಹತ್ತು ವರ್ಷ ಹಳೆಯ ರ‍್ಯಾಮಿನ ಮಂಕು ಹಿಡಿದ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರೆ ಕೆಲಸ ಆಗುವುದು ನಿಜ. ಮೊನ್ನೆ ಡಬ್ಬಿಯಿಂದ ತೆಗೆದದ್ದಕ್ಕೆ ಆ ಉಪಚಾರ ಬೇಡ. ಉದುರಿದ ರಬ್ಬರ್ ಪುಡಿ ಸ್ಲಾಟಿನೊಳಗೆ ಸೇರಿದರೆ ಇಲ್ಲದ ರೋಗ ಅಂಟಿಕೊಳ್ಳುತ್ತದೆ. ಹಿರಿಯರಿಗೆ ಸ್ಕ್ರೂ ಹಿಡಿದುಕೊಳ್ಳುವ ಕೆಲಸ ಕೊಡಿ.

ಆರು ತಿಂಗಳು ಕಳೆದ ಮೇಲೆ ಬರುವ ಕಾಯಿಲೆ ಬೇರೆ. 16 ಗಿಗಾಬೈಟಿನ ಎರಡು ಸ್ಟಿಕ್ ಇವೆ, ಎರಡು ಸ್ಲಾಟ್ ಖಾಲಿ. ಖಾಲಿ ಸ್ಲಾಟ್ ಕಂಡರೆ ಕೆಲವರಿಗೆ ಖಾಲಿ ಸೈಟ್ ಕಂಡಂತೆ. ಅದೇ ಕಂಪನಿ, ಅದೇ ಮಾಡೆಲ್ಲಿನ ಇನ್ನೊಂದು ಜೊತೆ ತಂದು ತುಂಬುತ್ತಾರೆ. 64 ಗಿಗಾಬೈಟ್ ಆಯಿತು ಎಂದು ಎದೆಯುಬ್ಬಿಸಿ ಆನ್ ಮಾಡಿದರೆ ವೇಗ 3600! ಇದೂ ಮೋಸವಲ್ಲ. ರೈಜನ್ 7000 ಪ್ರೊಸೆಸರುಗಳಿಗೆ ಎಎಂಡಿಯೇ ಕೊಟ್ಟ ಲೆಕ್ಕದ ಪ್ರಕಾರ ಎರಡು ಸ್ಟಿಕ್ಕಿಗೆ 5200, ನಾಲ್ಕು ಸ್ಟಿಕ್ಕಿಗೆ 3600. 6000 ಎನ್ನುವುದೇ ಆ ಲೆಕ್ಕದ ಮೇಲೆ ನಾವು ಹಾಕಿಸಿಕೊಳ್ಳುವ ತುಪ್ಪ. ಒಂದೇ ಚಾನೆಲ್ಲಿನ ಮೇಲೆ ಎರಡು ಡಿಡಿಆರ್5 ಸ್ಟಿಕ್ ಕೂತರೆ ಹೊರೆ ದುಪ್ಪಟ್ಟು, ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರ್ ಏದುಸಿರು ಬಿಡುತ್ತದೆ. ಮೇಲಾಗಿ ಡಬ್ಬಿಯ ಹೆಸರು ಒಂದೇ ಆದರೂ ಒಳಗಿನ ಚಿಪ್ಪು ಒಂದು ಸಲ ಹೈನಿಕ್ಸ್, ಇನ್ನೊಂದು ಸಲ ಸ್ಯಾಮ್‌ಸಂಗ್ ಆಗಿರಬಹುದು. ಜಾತಕ ಕೂಡಿಬರುವುದಿಲ್ಲ. 64 ಬೇಕಿದ್ದರೆ ಇದ್ದ ಜೊತೆಯನ್ನು ಮಾರಿ, ಒಂದೇ ಡಬ್ಬಿಯಲ್ಲಿ ಬಂದ 32ರ ಎರಡು ಸ್ಟಿಕ್ ತನ್ನಿ. ದುಡ್ಡು ಸ್ವಲ್ಪ ಹೆಚ್ಚಾದರೂ ತಲೆನೋವು ಕಡಿಮೆ.

ಬೋರ್ಡಿನ ಮಿತಿಯನ್ನೂ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಎಚ್610 ಚಿಪ್‌ಸೆಟ್ಟಿನ ಡಿಡಿಆರ್4 ಬೋರ್ಡಿಗೆ 3600ರ ರ‍್ಯಾಮ್ ಹಾಕಿದರೆ ಅದು 3200ಕ್ಕೇ ನಿಲ್ಲುತ್ತದೆ. ಇಂಟೆಲ್‌ನ ಹತ್ತನೆಯ ತಲೆಮಾರಿನ ಐ5-10400 ಪ್ರೊಸೆಸರನ್ನು ಬಿ460 ಬೋರ್ಡಿನಲ್ಲಿ ಕೂರಿಸಿದರೆ 2666ರ ಮೇಲೆ ಒಂದು ಹೆಜ್ಜೆ ಇಲ್ಲ. ಎತ್ತಿನಗಾಡಿಗೆ ರೇಡಿಯಲ್ ಟೈರು ಹಾಕಿಸಿದಂತೆ.

ವೇಗದ ಆಸೆಗೂ ಒಂದು ಲೆಕ್ಕವಿದೆ. ಕೇಳಿದ ಮಾಹಿತಿಗೆ ಗಡಿಯಾರದ ಎಷ್ಟು ಬಡಿತ ಕಾಯಬೇಕು ಎಂದು ಹೇಳುವ, ಡಬ್ಬಿಯ ಮೇಲಿನ ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೋಸೆಕೆಂಡಿನಲ್ಲಿ ಬರುತ್ತದೆ. 6000ದ ಸಿಎಲ್30ಕ್ಕೆ 10, ಅದೇ 6000ದ ಸಿಎಲ್40ಕ್ಕೆ 13.3. ಹಳೆಯ ಡಿಡಿಆರ್4 3200ರ ಸಿಎಲ್16 ತೆಗೆದುಕೊಂಡರೂ 10! ರೈಜನ್ 7000ದಲ್ಲಿ 6000 ದಾಟಿ 7200ಕ್ಕೋ 8000ಕ್ಕೋ ಹೋದರೆ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿದು, ಹೆಚ್ಚು ದುಡ್ಡು ಕೊಟ್ಟು ಕಾಯುವ ಹೊತ್ತನ್ನೇ ಕೊಂಡಂತಾಗುತ್ತದೆ. 6000 ಸಿಎಲ್30ಕ್ಕೆ ನಿಲ್ಲಿಸುವುದೇ ಜಾಣತನ. ನುಡಿಯಲ್ಲಿ ಟೈಪ್ ಮಾಡಿ, ಎಕ್ಸೆಲ್ಲಿನಲ್ಲಿ ಮನೆಖರ್ಚು ಬರೆಯುವವರಿಗಂತೂ 4800, 6000 ಎರಡೂ ಒಂದೇ; ಅವರು ಟಾಸ್ಕ್ ಮ್ಯಾನೇಜರ್ ತೆರೆಯದಿದ್ದರೆ ಸಾಕು.

6000 ಕಂಡಿತೆಂದು ಹಬ್ಬ ಮಾಡುವ ಮೊದಲು ಒಂದು ರಾತ್ರಿ ಪರೀಕ್ಷೆ ಇಡಿ. ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ, ನಾಲ್ಕು ಸುತ್ತು ಓಡಲು ಬಿಟ್ಟು ಮಲಗಿ. ಬೆಳಗ್ಗೆ ದೋಷ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಫೇಲ್, ಗ್ರೇಸ್ ಮಾರ್ಕ್ಸ್ ಇಲ್ಲ. ಆಗ ಬಯೋಸ್ ಅಪ್‌ಡೇಟ್ ಮಾಡಿ ನೋಡಿ, ಆಗದಿದ್ದರೆ ಎಕ್ಸ್‌ಪೋ ಹಾಗೇ ಇಟ್ಟು ವೇಗ ಮಾತ್ರ 5600ಕ್ಕೆ ಇಳಿಸಿ. ಯಾರದೋ ವಿಡಿಯೋ ನೋಡಿ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೆ ಸಿಗುವ ಎಸ್‌ಒಸಿ ವೋಲ್ಟೇಜನ್ನು ಏರಿಸಲು ಹೋಗಬೇಡಿ. 2023ರಲ್ಲಿ ಕೆಲವು ರೈಜನ್ ಪ್ರೊಸೆಸರುಗಳು ಸುಟ್ಟ ಮೇಲೆ ಎಎಂಡಿಯೇ ಅದಕ್ಕೆ 1.3 ವೋಲ್ಟಿನ ಬೇಲಿ ಹಾಕಿದೆ. ಒಂದೊಂದೇ ಸ್ಟಿಕ್ ಇಟ್ಟು, 4800ರಲ್ಲೇ ಪರೀಕ್ಷಿಸಿದರೂ ದೋಷ ತೋರಿಸುವ ಸ್ಟಿಕ್ಕನ್ನು ವಾರಂಟಿಗೆ ಕೊಟ್ಟುಬಿಡಿ, ಅದರ ಹತ್ತಿರ ವಾದ ಬೇಡ.

ಪರದೆ ಏನು ಮಾಡಿದರೂ ಏಳುತ್ತಿಲ್ಲವೇ? ಸ್ವಿಚ್ ಆಫ್ ಮಾಡಿ, ಕೇಬಲ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹರಿಸಿ. ಬೋರ್ಡಿನಲ್ಲಿ 'ಕ್ಲಿಯರ್ ಸಿಮಾಸ್' ಅಂತಲೋ 'ಜೆಬ್ಯಾಟ್1' ಅಂತಲೋ ಬರೆದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ ಹಿಡಿಯಿರಿ. ಪಿನ್ ಸಿಗದಿದ್ದರೆ ರೂಪಾಯಿ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಬಯೋಸ್ ಹುಟ್ಟಿದ ದಿನಕ್ಕೆ ಮರಳುತ್ತದೆ, ತಾರೀಖೂ ಹಿಂದಕ್ಕೆ ಹೋಗುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದವರು ಬಯೋಸ್ ಮುಟ್ಟುವ ಮೊದಲೇ ರಿಕವರಿ ಕೀಯನ್ನು ಪೇಪರಿನಲ್ಲಿ ಬರೆದಿಟ್ಟುಕೊಂಡಿರಬೇಕು. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಉಳಿಸಿಟ್ಟವರ ಕಥೆ ಹೇಳುವುದೇ ಬೇಡ.

ಇಷ್ಟೆಲ್ಲ ಆಗಿ ಸ್ಟಿಕ್ ಸರಿಯಾದ ಎಲೆಗೆ ಕೂತು, ಎಕ್ಸ್‌ಪೋ ಆನ್ ಆಗಿ, ಪರೀಕ್ಷೆ ಪಾಸಾಗಿ, ಟಾಸ್ಕ್ ಮ್ಯಾನೇಜರ್ 6000 ಎಂದು ಒಪ್ಪಿಕೊಂಡಿತು ಎನ್ನಿ. ಆಮೇಲೂ ಯಾರೋ ಒಬ್ಬರು ಸಿಪಿಯು-ಝಡ್‌ನಲ್ಲಿ 'ಡಿರ‍್ಯಾಮ್ ಫ್ರೀಕ್ವೆನ್ಸಿ' ನೋಡುತ್ತಾರೆ. ಅಲ್ಲಿ ಇರುವುದು 3000 ಮೆಗಾಹರ್ಟ್ಸ್. ಡಿಡಿಆರ್ ಎಂದರೆ ಡಬಲ್ ಡೇಟಾ ರೇಟ್. ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ, ಪ್ರತಿ ಬಡಿತದ ಏರಿಗೊಮ್ಮೆ ಇಳಿಗೊಮ್ಮೆ ಮಾಹಿತಿ ಸಾಗುತ್ತದೆ. ಹೀಗಾಗಿ ಅಲ್ಲಿನ 3000 ಇಲ್ಲಿನ 6000. ಆದರೆ ರಾತ್ರಿ ಒಂಬತ್ತೂವರೆಗೆ, ಅಂಗಡಿಯ ಹುಡುಗ ಶಟರ್ ಎಳೆಯುವ ಹೊತ್ತಿಗೆ, ಅವನ ಫೋನ್ ಮತ್ತೆ ರಿಂಗಾಗುತ್ತದೆ.

"ಅಣ್ಣಾ, ಈಗ ಅರ್ಧಕ್ಕರ್ಧ ಹೋಗಿದೆ. ಮೂರು ಸಾವಿರ ತೋರಿಸ್ತಿದೆ!"

"ಅದನ್ನ ಎರಡರಿಂದ ಗುಣಿಸ್ಕೊಳಿ ಸಾರ್."

"ಸ್ಟಿಕ್ಕೂ ಎರಡಿದೆಯಲ್ಲ, ಹಾಗಾದ್ರೆ ನಾಲ್ಕರಿಂದ ಗುಣಿಸ್ಬೇಕಲ್ವಾ?"