ರಸ್ತೆ ಅಗೆಯುವಾಗ ಅಂಗಡಿಯವನನ್ನು ಕೇಳಬೇಕಾ?

ಮೈಸೂರಿಗೆ ಲೈಟ್ ರೈಲು ಬೇಕು ಅನ್ನೋ ಮಾತು ಆಗಾಗ ಏಳುತ್ತದೆ, ಮತ್ತೆ ಮಲಗುತ್ತದೆ. ಒಂದು ವೇಳೆ ಬಂತು ಅಂತಿಟ್ಟುಕೊಳ್ಳಿ. ಕಾಮಗಾರಿ ನಡೆಯುವಷ್ಟು ವರ್ಷವೂ ಬೀದಿ ಬೀದಿಯಲ್ಲಿ ಸಭೆ ಕರೆದು, ಜನರನ್ನು ಕೇಳಿಕೊಂಡೇ ಮುಂದುವರಿಯಬೇಕಾ? ಇಲ್ಲಿ ಬರೆದಿರುವ ಇಬ್ಬರಲ್ಲಿ ಒಬ್ಬರು ಅಂಗಡಿ ಮನೆಯವರು, ಇನ್ನೊಬ್ಬರು ಸೈಟಿನ ಬಿಸಿಲು ಕಂಡವರು.

ಪರ: ಒಂದು ತಿಂಗಳ ಮಾತು

ಅಗ್ರಹಾರದ ಕಡೆ ನಮ್ಮ ಅಪ್ಪಾಜಿ ಸ್ಟೇಷನರಿ ಅಂಗಡಿ ಇಟ್ಟಿದ್ದರು. ನೋಟ್‌ಬುಕ್ಕು, ಬ್ರೌನ್ ಪೇಪರು, ಲೇಬಲ್ಲು, ಜಾಮಿಟ್ರಿ ಬಾಕ್ಸು. ಇಂಥ ಅಂಗಡಿಗೆ ವರ್ಷಕ್ಕೆ ಒಂದೇ ಸುಗ್ಗಿ. ಮೇ ಕೊನೆಯ ವಾರದಿಂದ ಜೂನ್ ಮುಗಿಯುವ ತನಕ. ಉಳಿದ ತಿಂಗಳುಗಳ ಬಾಡಿಗೆಯೂ ಆ ಐದು ವಾರದಲ್ಲೇ ಹುಟ್ಟಬೇಕು.

ಒಂದು ವರ್ಷ ಸರಿಯಾಗಿ ಮೇ ಕೊನೆಗೆ, ಒಳಚರಂಡಿ ಪೈಪಿಗೆ ಅಂತ ಬಾಗಿಲ ಮುಂದೆ ಗುಂಡಿ ತೋಡಿದರು. ಹಿಂದಿನ ರಾತ್ರಿವರೆಗೂ ಯಾರಿಗೂ ಸುದ್ದಿಯಿಲ್ಲ. ಬೆಳಿಗ್ಗೆ ಹೋದರೆ ಷಟರಿನ ಎದುರಿಗೇ ಆಳೆತ್ತರದ ಕಂದಕ, ಆಚೆ ಕೆಂಪು ಮಣ್ಣಿನ ಗುಡ್ಡೆ. ಅಪ್ಪಾಜಿ ಎಲ್ಲಿಂದಲೋ ಒಂದು ಹಲಗೆ ತಂದು ಹಾಸಿದರು. ಮಳೆ ಬಂತು, ಹಲಗೆ ಜಾರತೊಡಗಿತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಹೆಂಗಸರು ಆಚೆ ದಡದಲ್ಲೇ ನಿಂತು, 'ಎರಡು ಡಜನ್ ಲಾಂಗ್ ಬುಕ್ ಇದ್ಯಾ ಅಣ್ಣಾ?' ಅಂತ ಕೂಗುತ್ತಿದ್ದರು. ಅಪ್ಪಾಜಿ ಕಟ್ಟನ್ನು ತಲೆ ಮೇಲೆ ಹೊತ್ತು ಹಲಗೆ ದಾಟುತ್ತಿದ್ದರು. ಹತ್ತು ಜನಕ್ಕೆ ಹಾಗೆ ಕೊಡಬಹುದು. ಇನ್ನೂರು ಜನಕ್ಕಾ?

ಕೆಲಸ ಬೇಡ ಅಂತ ಅವರು ಯಾವತ್ತೂ ಅನ್ನಲಿಲ್ಲ. ಮಳೆಗಾಲದಲ್ಲಿ ಚರಂಡಿ ಉಕ್ಕಿ ನಮ್ಮ ಹೊಸಿಲಿಗೇ ಬರುತ್ತಿತ್ತಲ್ಲ. 'ಜುಲೈನಲ್ಲಿ ಅಗೆದಿದ್ರೆ ನಾನೇ ಟೀ ಕೊಡಿಸ್ತಿದ್ದೆ' ಅನ್ನುತ್ತಿದ್ದರು. ಒಂದು ತಿಂಗಳ ಮಾತು ಅಷ್ಟೇ. ಆ ತಿಂಗಳು ಯಾವ ನಕ್ಷೆಯಲ್ಲೂ ಇರೋದಿಲ್ಲ. ಗಲ್ಲಾಪೆಟ್ಟಿಗೆ ಹಿಂದೆ ಕೂತವನನ್ನು ಕೇಳಬೇಕು.

ಪೈಪಿನ ಗುಂಡಿ ಹೇಗೋ ಮುಚ್ಚಿತು. ರೈಲಿನದು ವರ್ಷಗಟ್ಟಲೆ. ಲೈಟ್ ರೈಲು ಅಂದರೆ ಮೆಟ್ರೋದ ತಮ್ಮ. ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಅನ್ನೋ ಹೆಸರಿನಲ್ಲಿ ಇದಕ್ಕೊಂದು ಮಾರ್ಗಸೂಚಿ ತಂದಿತು. ದಟ್ಟಣೆ ಹೊತ್ತಿನಲ್ಲಿ ಗಂಟೆಗೆ ಒಂದು ದಿಕ್ಕಿಗೆ 15,000 ಜನದ ತನಕ ಓಡಾಡುವ ದಾರಿಗಳಿಗೆ ಇದು ಸಾಕು ಅಂತ ಲೆಕ್ಕ. ಸಾಧ್ಯವಾದಷ್ಟೂ ಹಳಿ ರಸ್ತೆ ಮಟ್ಟದಲ್ಲೇ ಇರುತ್ತದೆ. ಅದಕ್ಕೇ ಖರ್ಚು ಕಡಿಮೆ. ಆದರೆ ರಸ್ತೆ ಮಟ್ಟ ಅಂದರೆ ನಮ್ಮ ಹೊಸಿಲ ಮಟ್ಟ. ಹಳಿ ಕೂರಿಸುವ ಮುಂಚೆ ಕೆಳಗಿನ ನೀರಿನ ಪೈಪು, ಒಳಚರಂಡಿ, ಕೇಬಲ್ಲು ಎಲ್ಲ ಪಕ್ಕಕ್ಕೆ ಸರಿಯಬೇಕು. ರೈಲು ಓಡಲು ಶುರುವಾದ ಮೇಲೆ ಪೈಪ್ ಒಡೀತು ಅಂತ ಅಗೆಯೋಕಾಗಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೊ ಊರಿನವರು ಟ್ರಾಮ್, ಅಂದರೆ ಬೀದಿಯಲ್ಲೇ ಓಡುವ ಇಂಥದ್ದೇ ರೈಲು, ಹಾಕೋಕೆ ಹೋಗಿ ಎಡವಿದ್ದರಲ್ಲಿ ಇದೂ ಒಂದು. ಅಲ್ಲಿ 2008ರಲ್ಲಿ ಟ್ರಾಮ್ ಹಳಿ ಕೆಲಸ ಶುರುವಾಗಿ, ರೈಲು ಓಡಿದ್ದು 2014ರ ಮೇ ತಿಂಗಳಲ್ಲಿ. ಅಂಗಡಿಗಳೇ ತುಂಬಿದ ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಹಾಕಿದ ಹಳಿಯನ್ನು 2011ರಲ್ಲಿ ಮತ್ತೆ ಕಿತ್ತು ಕೂರಿಸಿದರು. ನಮ್ಮ ಸಯ್ಯಾಜಿರಾವ್ ರಸ್ತೆಯನ್ನು ಎರಡೆರಡು ಸಲ ಅಗೆದರೆ ಹೇಗಿರುತ್ತೆ ಅಂತ ಸುಮ್ನೆ ಒಮ್ಮೆ ಊಹಿಸಿಕೊಳ್ಳಿ.

ಅದೇ ರಸ್ತೆಯಲ್ಲಿ ವಿಜಯದಶಮಿ ದಿನ ಆನೆ ಬರುತ್ತದೆ. ಬೆನ್ನ ಮೇಲೆ 750 ಕೆ.ಜಿ.ಯ ಅಂಬಾರಿ. ಲೈಟ್ ರೈಲಿಗೆ ಸಾಮಾನ್ಯವಾಗಿ ಕರೆಂಟ್ ತಲೆ ಮೇಲಿನ ತಂತಿಯಿಂದ. ಅದರಡಿ ಅಂಬಾರಿ ಹೇಗೆ ಹೋಗೋದು? ಫ್ರಾನ್ಸಿನ ಬೋರ್ಡೋದಲ್ಲಿ ಹಳೇ ಊರಿನ ಅಂದ ಕೆಡಬಾರದು ಅಂತ ನೆಲದಿಂದಲೇ ಕರೆಂಟ್ ಕೊಡುವ ಟ್ರಾಮ್ ಹಾಕಿದರು, 2003ರಲ್ಲಿ. ಅಂದರೆ ದಾರಿಗಳಿವೆ. ಯಾರಾದರೂ ಪಟ್ಟು ಹಿಡಿದು ಕೇಳಬೇಕು ಅಷ್ಟೆ.

ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆ ಅಗಲ ಮಾಡೋಕೆ ಅಂತ 40 ಮರ ಉರುಳಿದವು. ಊರಿನ ಜನ ಬೀದಿಗಿಳಿದದ್ದು ಆಮೇಲೆ. 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಮೊದಲು ಜನರ ಆಕ್ಷೇಪಣೆ ಕೇಳಬೇಕು ಅನ್ನುತ್ತದೆ ನಮ್ಮ ರಾಜ್ಯದ ಕಾಯ್ದೆ. ಹೋದದ್ದು 40. ಲೆಕ್ಕ ನೀವೇ ನೋಡಿ.

ಮದ್ದೂರಿನ ಕಥೆಯೂ ಅಷ್ಟೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆ ಆಯಿತು, ಕಾರುಗಳು ಬೈಪಾಸ್ ಹತ್ತಿದವು. ವಡೆಗೆ ಅಂತ ನಿಲ್ಲುತ್ತಿದ್ದವರು ಕಡಿಮೆಯಾದರು ಅಂತ ಹೋಟೆಲಿನವರು ಗೋಳಾಡಿದ್ದು ಎಲ್ಲರಿಗೂ ಗೊತ್ತಿದೆ.

ಅದಕ್ಕೇ ನನ್ನ ಬೇಡಿಕೆ ಇಷ್ಟು. ರೈಲು ಬೇಕಾ ಬೇಡವಾ ಅಂತ ತಿಂಗಳು ತಿಂಗಳು ಕೇಳಬೇಡಿ, ಅದು ಮುಗಿದ ಮಾತು. ಮುಂದಿನ ತಿಂಗಳು ಯಾವ ತುಂಡು ರಸ್ತೆ ಅಗೆಯುತ್ತೀರಿ, ಆ ತುಂಡಿನ ಅಂಗಡಿಯವರನ್ನು, ಮನೆಯವರನ್ನು, ಆಟೋ ಸ್ಟ್ಯಾಂಡಿನವರನ್ನು ಕೂರಿಸಿಕೊಂಡು ಕೇಳಿ. ತಾರೀಖು ಬದಲಿಸುವ ಅಧಿಕಾರ ಇರುವ ಒಬ್ಬ ಇಂಜಿನಿಯರ್ ಅಲ್ಲಿರಲಿ. ಬರೀ ಬರೆದುಕೊಂಡು ಹೋಗೋರನ್ನು ಕಳಿಸಿದರೆ ಮುಂದಿನ ಸಲ ಯಾರೂ ಬರಲ್ಲ.

ವಿರೋಧ: ಮೈಕ್ ಯಾರ ಕೈಯಲ್ಲಿ?

ಗುಂಡಿ ಮೇಲಿನ ಹಲಗೆ ನಾನೂ ಕಂಡಿದ್ದೇನೆ, ಗುಂಡಿಯ ಒಳಗಿನಿಂದ. ಮೂವತ್ತು ವರ್ಷ ಸೈಟ್ ಇಂಜಿನಿಯರ್ ಆಗಿದ್ದವನು ನಾನು. ಆ ಅಪ್ಪಾಜಿಯ ಸಂಕಟ ಸುಳ್ಳಲ್ಲ. ಆದರೆ ಅದಕ್ಕೆ ಔಷಧ ಸಭೆ ಅಂದರೆ ಒಪ್ಪಲಾರೆ. ಸ್ಕೂಲ್ ಶುರುವಾಗುವಾಗ ಪುಸ್ತಕದಂಗಡಿ ಬೀದಿ ಅಗೆಯಬಾರದು ಅನ್ನೋದು ಟೆಂಡರ್ ಕಾಗದದಲ್ಲೇ ಇರಬೇಕಿತ್ತು. ಜೆಸಿಬಿ ಬಂದು ನಿಂತ ಮೇಲೆ ಜನರನ್ನು ಕೇಳೋದು, ಪಂಕ್ತಿಗೆ ಎಲೆ ಹಾಕಿದ ಮೇಲೆ ಏನು ಅಡುಗೆ ಮಾಡೋಣ ಅಂತ ಕೇಳಿದ ಹಾಗೆ. ಇನ್ನು ಅಂಬಾರಿ ವಿಷಯ. ಮೈಸೂರಿನಲ್ಲಿ ದಸರಾ ಆನೆ ಬರುತ್ತೆ ಅಂತ ತಿಳಿಯೋಕೆ ಸಭೆ ಬೇಕಾದವನಿಗೆ ಆ ಕೆಲಸವನ್ನೇ ಕೊಡಬಾರದು.

ಒಂದು ಸಭೆ ಹೇಗಿತ್ತು ಅಂತ ಹೇಳ್ತೀನಿ. ಯಾವ ಊರು ಅನ್ನೋದು ಬೇಡ. ಸಮುದಾಯ ಭವನದಲ್ಲಿ ನೂರು ಕುರ್ಚಿ ಹಾಕಿಸಿದ್ದೆವು, ಬಂದದ್ದು ಮೂವತ್ತು ಜನ. ಮೊದಲ ಇಪ್ಪತ್ತು ನಿಮಿಷ ಮೈಕ್ ಹಲೋ ಹಲೋ ಅಂದಿತು. ಆಮೇಲೆ ಬೀದಿಯ ಮುಖಂಡರು ಅದನ್ನು ಹಿಡಿದವರು ಬಿಡಲಿಲ್ಲ. ಪಾರ್ಕಿಗೆ ಕಲ್ಲು ಬೆಂಚು, ಗಣಪತಿ ಕೂರಿಸೋಕೆ ಶೆಡ್ಡು, ತಮ್ಮ ಮನೆ ತಿರುವಿಗೊಂದು ಹಂಪು. ಚರಂಡಿ ಮಾತಿಗೆ ಬರುವಾಗ ಗಂಟೆ ಒಂಬತ್ತು. ಹೂ ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಡುವ ಜಾಗದಲ್ಲೇ ನಮ್ಮ ಚೇಂಬರ್, ಅಂದರೆ ಚರಂಡಿಗೆ ಇಳಿಯುವ ಗುಂಡಿ, ಬರಬೇಕಿತ್ತು. ಅವರು ಬಂದಿರಲಿಲ್ಲ. ಸಂಜೆ ಏಳು ಗಂಟೆ ಅವರ ವ್ಯಾಪಾರದ ಹೊತ್ತು ಅಲ್ವಾ? ಬಾಡಿಗೆ ಮನೆಯವರೂ ಇರಲಿಲ್ಲ. ಆ ಸಭೆಯಿಂದ ಬದಲಾದದ್ದು ಒಂದೇ. ಮುಖಂಡರ ಗೇಟಿನ ಎದುರು ಬರಬೇಕಿದ್ದ ಇನ್ನೊಂದು ಚೇಂಬರ್ ಪಂಕ್ಚರ್ ಅಂಗಡಿ ಮುಂದಕ್ಕೆ ಹೋಯಿತು. ರಿಜಿಸ್ಟರಿನಲ್ಲಿ ಮೂವತ್ತು ಸಹಿ ಬಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಸಾರ್ವಜನಿಕರ ಅಭಿಪ್ರಾಯ ಪಡೆಯಲಾಗಿದೆ' ಅಂತ ಬರೆದದ್ದು ನಾನೇ. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ತಾರೀಖು ಬದಲಿಸಿ ಅನ್ನೋದು ಸುಲಭ. ರೆಡಿಮಿಕ್ಸ್ ಕಾಂಕ್ರೀಟ್ ಲಾರಿ ಪ್ಲಾಂಟ್ ಬಿಟ್ಟರೆ ಸುಮಾರು ಎರಡು ಗಂಟೆಯೊಳಗೆ ಮಾಲು ಸುರಿಯಬೇಕು. ಅದು ಪೂರ್ತಿ ಗಟ್ಟಿಯಾಯಿತು ಅಂತ ಲೆಕ್ಕಕ್ಕೆ ಹಿಡಿಯೋದು 28 ದಿನಕ್ಕೆ. ಒಂದು ಬೀದಿಯವರು ಹದಿನೈದು ದಿನ ತಡೆದರೆ, ಆ ಗ್ಯಾಂಗು, ಆ ಮೆಷಿನ್ನು ಮುಂದಿನ ಬೀದಿಗೆ ಹದಿನೈದು ದಿನ ತಡವಾಗಿ ಹೋಗುತ್ತದೆ. ಅಲ್ಲಿಗೆ ಅವರ ಆಷಾಢದ ಸೇಲು, ಇನ್ನೊಬ್ಬರ ದೀಪಾವಳಿ ಪಟಾಕಿ. ಯಾರ ಸುಗ್ಗಿ ಉಳಿಸೋದು? ಜೋರಾಗಿ ಕೂಗಿದವರದ್ದು ಉಳಿಯುತ್ತೆ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಉಳಿಸೋದಾ, ಕೆಡವೋದಾ ಅಂತ ಸಮಿತಿ, ಕೋರ್ಟು ಸುತ್ತಿ ಎಷ್ಟು ವರ್ಷ ಹೋಯಿತು ನೋಡಿ. ವ್ಯಾಪಾರ ಮಾಡುವವರು ಬಿರುಕು ಬಿಟ್ಟ ಗೋಡೆ ಕೆಳಗೇ ಕೂತಿದ್ದರು.

ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂದು ಕೆಲಸ ವರ್ಷಗಟ್ಟಲೆ ನಿಂತಿತ್ತು. ಕೊನೆಗೆ 2017ರಲ್ಲಿ ಸುಮಾರು 1,000 ಟನ್ ತೂಗುವ ಆ ಕಟ್ಟಡವನ್ನೇ ಇಡಿಯಾಗಿ ಎತ್ತಿ 130 ಮೀಟರ್ ಆಚೆ ಸರಿಸಿದರು. ಜನ ಕೇಳಿದ್ದಕ್ಕೇ ಅದು ಉಳೀತು ಅಂತ ಪರದವರು ಹೇಳಬಹುದು, ಅದರಲ್ಲಿ ಹುರುಳಿದೆ. ಆದರೆ ಗಂಟು ಬಿಚ್ಚಿದ್ದು ಜಾಕಿ ಇಟ್ಟು ಎತ್ತೋದು ಗೊತ್ತಿದ್ದವರನ್ನು ಕರೆಸಿದಾಗ.

ಸಭೆಗೆ ಖರ್ಚಾಗುವ ಹೊತ್ತನ್ನು ಬೇರೆ ಎರಡಕ್ಕೆ ಕೊಡಿ. ಒಂದು, ದುಡ್ಡು. ಫ್ರಾನ್ಸಿನ ಹಲವು ಊರುಗಳಲ್ಲಿ ಟ್ರಾಮ್ ಕೆಲಸದ ಹೊತ್ತಿನಲ್ಲಿ ಅಂಗಡಿಯವರ ನಷ್ಟ ನೋಡೋಕೇ ಒಂದು ಸಮಿತಿ ಇರುತ್ತದೆ. ಹಿಂದಿನ ವರ್ಷಗಳ ಲೆಕ್ಕ ತೋರಿಸಿದರೆ ಪರಿಹಾರ. ನಮ್ಮಲ್ಲಿ ಹೂವಿನ ಅಜ್ಜಿ ಹತ್ತಿರ ಯಾವ ಲೆಕ್ಕಪುಸ್ತಕ ಇರುತ್ತೆ ಅಂತ ಕೇಳಬಹುದು. ಅಂಥವರಿಗೆ ದಿನಕ್ಕೆ ಇಷ್ಟು ಅಂತ ನೇರವಾಗಿ ಕೊಡಲಿ.

ಎರಡನೆಯದು, ಅದೇ ಹಲಗೆ. ಕಬ್ಬಿಣದ್ದು, ಎರಡೂ ಕಡೆ ಹಿಡಿದುಕೊಳ್ಳೋಕೆ ಕಂಬಿ ಇರುವಂಥದ್ದು, ಮಗುವನ್ನು ಎತ್ತಿಕೊಂಡವರು ಮಳೆಯಲ್ಲೂ ದಾಟುವಷ್ಟು ಅಗಲ. ಜೆಸಿಬಿ ಬರುವ ಹಿಂದಿನ ದಿನವೇ ಅದು ಅಂಗಡಿ ಮುಂದೆ ಬಂದು ಬಿದ್ದಿರಬೇಕು. ಬರದಿದ್ದರೆ ಅಗೆಯುವ ಹಾಗಿಲ್ಲ, ಅಗೆದರೆ ಬಿಲ್ಲಿಲ್ಲ.