ಏನಾಗೇತಿ ನಿನಗ?

ನಮ್ಮ ಗದಗ ಕಡೆ ಮಕ್ಕಳನ್ನು ಬೈಯುವುದಕ್ಕೆ ಒಂದು ಮಾತಿದೆ: "ಏನಾಗೇತಿ ನಿನಗ?" ಮಗ ಹಾಲು ಚೆಲ್ಲಿದರೂ ಇದೇ, ಶಾಲೆಗೆ ಹೋಗಲ್ಲ ಅಂದರೂ ಇದೇ. ಪ್ರಶ್ನೆಯ ವೇಷದ ಬೈಗುಳ. ಯಾವ ಮಗುವೂ ಉತ್ತರ ಕೊಡುವುದಿಲ್ಲ. ಕೊಟ್ಟರೆ ಇನ್ನೊಂದು ಏಟು ಜಾಸ್ತಿ.

ನಾನು ಗೋವಾದ ವಾಸ್ಕೋಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಜುವಾರಿನಗರದ ಗುಡ್ಡದ ಮೇಲೆ ಮನೆ. ಅಕ್ಕಪಕ್ಕ ಬಾಗಲಕೋಟೆ, ಕೊಪ್ಪಳದವರೇ. ಇಲ್ಲಿ ಕೆಲವರು ನಮ್ಮನ್ನು 'ಘಾಂಟಿ' ಅನ್ನುತ್ತಾರೆ, ಘಟ್ಟ ಇಳಿದು ಬಂದವರು ಅಂತ. ನಾವು ಕೇಳಿ ಬಿಟ್ಟುಬಿಡುತ್ತೇವೆ. ಶಾಲೆಗೆ ಹೋಗುವ ಹುಡುಗರಿಗೆ ಅಷ್ಟು ಸುಲಭವಲ್ಲ.

ಹೋದ ವರ್ಷ ಪಕ್ಕದ ಖೋಲಿಯ ಹುಡುಗನ ಅಪ್ಪ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ತೀರಿಕೊಂಡ. ಬುತ್ತಿ ಕೊಡಲು ಹೋಗಿದ್ದ ಹುಡುಗ ಕಣ್ಣಾರೆ ನೋಡಿದ. ಒಂಬತ್ತು ವರ್ಷ ಅವನಿಗೆ. ತಿಂಗಳಾದ ಮೇಲೆ ಮತ್ತೆ ಶಾಲೆಗೆ ಹೋದ. ಬೆಂಚು ಧಡ್ ಅಂದರೆ ಅದರ ಕೆಳಗೆ ನುಸುಳುತ್ತಿದ್ದ. ಒಮ್ಮೊಮ್ಮೆ ಪಕ್ಕದವನಿಗೆ ಹೊಡೆದುಬಿಡುತ್ತಿದ್ದ. ಟೀಚರು ಏನೋ ಅಂತ ಕೇಳಿದರೆ ಹಿಂದಿಯಲ್ಲಿ, "ಪೇಟ್ ದುಖ್ತಾ," ಹೊಟ್ಟೆ ನೋಯುತ್ತದೆ ಅಂತ. ಎರಡು ಸಲ ಗುಳಿಗೆ ಕೊಟ್ಟರು. ಮೂರನೇ ಸಲ ನಾಟಕ ಅಂತ ಬಾಗಿಲ ಹೊರಗೆ ನಿಲ್ಲಿಸಿದರು.

ನನ್ನ ಹತ್ತಿರ ಅವನು ಹೇಳಿದ್ದೇ ಬೇರೆ. "ಎದಿ ಧಸಕ್ ಅಂತೈತ್ರಿ ಕಾಕಾ." ಈ 'ಧಸಕ್' ಅನ್ನುವುದನ್ನು ಹಿಂದಿಯಲ್ಲಿ ಏನಂತಾರೆ? ನನಗೂ ಬರುವುದಿಲ್ಲ. ಅವನಿಗೆ ಬರುತ್ತಿದ್ದ ಹಿಂದಿಯಲ್ಲಿ ಇದ್ದ ನೋವು ಹೊಟ್ಟೆಯದೊಂದೇ. ಅದೂ ಸುಳ್ಳಲ್ಲ ಬಿಡಿ, ಹೆದರಿದ ಮಕ್ಕಳಿಗೆ ಹೊಟ್ಟೆ ನಿಜಕ್ಕೂ ನೋಯುತ್ತದೆ.

ಇಂಥದ್ದನ್ನು ಕಂಡ ಮಗುವಿನ ಮೈ ಕಾವಲು ಇಳಿಸುವುದೇ ಇಲ್ಲ. ಸಪ್ಪಳವಾದರೆ ಓಡಬೇಕು, ಇಲ್ಲ ಹೊಡೆಯಬೇಕು, ಇಲ್ಲ ಕಲ್ಲಾಗಿ ಕೂರಬೇಕು. ನಾವು ಅದನ್ನೇ ಹಠ, ಪುಂಡಾಟ, ದಡ್ಡತನ ಅಂತ ಕರೆಯುತ್ತೇವೆ. ಆ ಹೊತ್ತಿನಲ್ಲಿ ಪಾಠವೂ ತಲೆಗೆ ಹತ್ತುವುದಿಲ್ಲ, ಬುದ್ಧಿಮಾತೂ ಹತ್ತುವುದಿಲ್ಲ. ಮೊದಲು ಮೈ ತಣ್ಣಗಾಗಬೇಕು. ದಿನಾ ಅದೇ ಜಾಗ, ಅದೇ ಮುಖ, ಏರದ ದನಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳುವುದು. ಬೆಳೆದಂತೆ ಮರೆಯುತ್ತಾನೆ ಅನ್ನುವವರಿಗೆ ಒಂದು ಮಾತು: 1998ರಲ್ಲಿ ಅಮೆರಿಕದ ವೈದ್ಯರು ಸ್ಯಾನ್ ಡಿಯಾಗೋದ ದೊಡ್ಡವರ ಬಾಲ್ಯದ ಬಗ್ಗೆ ಕೇಳಿ ಮಾಡಿದ ಅಧ್ಯಯನ ಪ್ರಕಟವಾಯಿತು. ಚಿಕ್ಕಂದಿನಲ್ಲಿ ಹಿಂಸೆ, ಸಂಕಟ ಹೆಚ್ಚು ಕಂಡಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಕೂಡ ಹೆಚ್ಚಾಗಿ ಕಂಡವು.

ಊರಲ್ಲಾಗಿದ್ದರೆ ಮಠದ ಅಜ್ಜಾರ ಹತ್ತಿರ ಅಂಗಾರ (ಬೂದಿ) ಹಚ್ಚಿಸುತ್ತಿದ್ದರು, ದರ್ಗಾದಲ್ಲಿ ತಾಯತ ಕಟ್ಟಿಸುತ್ತಿದ್ದರು. ಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ತಾಯತ ಮಗುವನ್ನು ಬೈಯುವುದಿಲ್ಲ. ಹೆದರಿಕೆ ಹೊರಗಿಂದ ಹೊಕ್ಕಿದೆ, ತಪ್ಪು ನಿನ್ನದಲ್ಲ ಅನ್ನುತ್ತದೆ. ರಾತ್ರಿ ಅಜ್ಜಿಯ ಮಗ್ಗುಲೂ ಸಿಗುತ್ತದೆ. ಆದರೆ ಮಗುವಿನ ಮೇಲೆ ಕೈ ಹಾಕಿದವನು ಮನೆಯವನೇ ಆಗಿದ್ದರೆ? ಆಗ ಅದೇ ದಾರ ಬಾಯಿ ಕಟ್ಟುತ್ತದೆ. "ಮರ್ತುಬಿಡು, ಯಾರ ಮುಂದೂ ಅನಬ್ಯಾಡ."

ಗೋವಾದ ರೀತಿ ಬೇರೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಅಂತ ಇಡೀ ದೇಶದ ಶಿಕ್ಷಣ ಹಕ್ಕಿನ ಕಾಯ್ದೆ ಹೇಳಿದ್ದು 2009ರಲ್ಲಿ. ಗೋವಾ ತನ್ನ ಮಕ್ಕಳ ಕಾಯ್ದೆಯಲ್ಲಿ 2003ರಲ್ಲೇ ಹೇಳಿತ್ತು. ಬೆತ್ತ ತಿಂದು ಬೆಳೆದ ನನಗೆ ಇದು ಸಣ್ಣ ಮಾತಲ್ಲ. (ಬಾಗಿಲ ಹೊರಗೆ ನಿಲ್ಲಿಸುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ ಅಂತ ಕಾಣುತ್ತದೆ.)

ಕೊನೆಗೆ ಒಬ್ಬರು ಕೌನ್ಸೆಲರ್ ಮೇಡಂ ಸಿಕ್ಕರು. ಮೆಲ್ಲಗೆ ಕೇಳಿದರು, "ತುಕಾ ಕಿತೇಂ ಜಾಲೇಂ?" ನಮ್ಮ "ಏನಾಗೇತಿ ನಿನಗ"ವೇ ಅದು, ಆದರೆ ಬೈಗುಳ ಕಳೆದುಹೋಗಿತ್ತು. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಹುಡುಗನಿಗೆ ಅಂಗಡಿ ವ್ಯವಹಾರದ ಕೊಂಕಣಿ ಬಿಟ್ಟರೆ ಬೇರೆ ಬರದು. ತಲೆ ತಗ್ಗಿಸಿ ಕೂತ. ನಾನು ನಡುವೆ ಕೂತು ಮಾತು ದಾಟಿಸಿದೆ.

ಲೈಂಗಿಕ ದೌರ್ಜನ್ಯದ ಕೇಸಾದರೆ 2012ರ ಪೋಕ್ಸೋ ಕಾಯ್ದೆ ಮಗುವಿನ ಹೇಳಿಕೆಗೆ ದುಭಾಷಿಯನ್ನು ಕರೆಸಿಕೊಳ್ಳಲು ಅವಕಾಶ ಕೊಡುತ್ತದೆ. ಅಪ್ಪ ಬಿದ್ದು ಸತ್ತದ್ದನ್ನು ಕಂಡ ಮಗುವಿಗೆ ಯಾರು ದುಭಾಷಿ? ನನ್ನ ಕೋರಿಕೆ ಇಷ್ಟೇ. ನಮ್ಮ ಓಣಿಯ ಟೇಲರಿಂಗ್ ಅಕ್ಕ, ಕನ್ನಡ ಶಾಲೆಯ ಟೀಚರು, ಇಂಥವರನ್ನೇ ತಯಾರು ಮಾಡಬೇಕು. ಇದು ಕನಸಲ್ಲ. 1996ರಲ್ಲಿ ಇದೇ ಗೋವಾದಲ್ಲಿ ಶುರುವಾದ 'ಸಂಗಾತ್' ಸಂಸ್ಥೆ, ಡಾಕ್ಟರಲ್ಲದ ಸಾಮಾನ್ಯ ಜನಕ್ಕೆ ತರಬೇತಿ ಕೊಟ್ಟು ಖಿನ್ನತೆಗೆ ಮಾತಿನ ಚಿಕಿತ್ಸೆ ಮಾಡಿಸಿ ತೋರಿಸಿದೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಪದ್ಧತಿ. ಆ ಕೌನ್ಸೆಲರ್‌ಗಳು ಗುಂಪಾಗಿ ಕೂತು ಒಬ್ಬರ ಕೆಲಸವನ್ನು ಇನ್ನೊಬ್ಬರು ಕೇಳಿ ತಿದ್ದುತ್ತಿದ್ದರು. ಅಂದರೆ ಇನ್ನೊಬ್ಬರ ನೋವನ್ನು ದಿನಾ ಕೇಳುವವರು ಒಂಟಿಯಾಗಿರಲಿಲ್ಲ.

ಒಂಟಿಯಾಗಿದ್ದರೆ ಏನಾಗುತ್ತದೆ ಅಂತ ನನಗೆ ಸ್ವಲ್ಪ ಗೊತ್ತು. ಆ ಹುಡುಗನ ಮಾತು ದಾಟಿಸಿ ಬಂದ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ನನ್ನದೇ ಹೀಗಾದರೆ ಅವನ ಅವ್ವನದು? ಆಕೆ ಆರು ಮನೆಗಳ ಪಾತ್ರೆ ತೊಳೆದು ಬಂದು, ಹಾಸಿಗೆ ಒದ್ದೆ ಮಾಡಿಕೊಂಡ ಮಗನನ್ನು ಬೈದು, ಆಮೇಲೆ ತಾನೇ ಅಳುತ್ತಾಳೆ. ಮಗನ ಬಗ್ಗೆ ಶಾಲೆ ಕೇಳಿತು, ಕೌನ್ಸೆಲರ್ ಕೇಳಿದರು, ನಾನೂ ಕೇಳಿದೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ಹೋದ ಭಾನುವಾರ ನೀರಿನ ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿದೆ, "ನಿನಗೇನಾಗೇತವಾ?"

"ನನಗೇನಾಗ್ಬೇಕ್ರಿ ಅಣ್ಣಾರ," ಅಂದಳು. ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಆಕೆ ನೋಡಲೇ ಇಲ್ಲ.